ಯಾವ ಮರದ ಮಿಡಿ? ಶಿರಸಿ ಕಡೆಯ ಉಪ್ಪಿನಕಾಯಿ ಸಂಘವೊಂದರ ಬ್ರ್ಯಾಂಡ್ ಪ್ರಕರಣ

ಶಿರಸಿ ತಾಲೂಕಿನಲ್ಲಿ ಅಘನಾಶಿನಿ ಕಣಿವೆ ಕಡೆಗೆ ಇರುವ ಒಂದು ಹಳ್ಳಿ. ಅಲ್ಲಿ ಹೆಂಗಸರದೊಂದು ಸ್ವಸಹಾಯ ಸಂಘ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಅಪ್ಪೆಮಿಡಿ, ಅಂದರೆ ಉಪ್ಪಿನಕಾಯಿಗೆ ಹಾಕುವ ಘಮದ ಎಳೆ ಮಾವಿನಕಾಯಿ, ಕೊಂಡು ಉಪ್ಪಿಗೆ ಹಾಕುತ್ತಾರೆ. ಮಿಡಿ ಚಿರುಟಿ ಹದಕ್ಕೆ ಬಂದ ಮೇಲೆ ಖಾರ ಅರೆದು ಉಪ್ಪಿನಕಾಯಿ ಮಾಡುತ್ತಾರೆ. ಮಾಲಿನ ಬಗ್ಗೆ ಯಾರದೂ ತಕರಾರಿಲ್ಲ. ತೊಂದರೆ ಇದ್ದದ್ದು ಮಾರಾಟದಲ್ಲಿ.

ಮುಕ್ಕಾಲು ಪಾಲು ಉಪ್ಪಿನಕಾಯಿ ಡ್ರಮ್ಮುಗಳಲ್ಲಿ ಒಬ್ಬ ವ್ಯಾಪಾರಿಗೆ ಹೋಗುತ್ತಿತ್ತು. ಅವರು ಬಾಟಲಿಗೆ ತುಂಬಿ, ತಮ್ಮ ಲೇಬಲ್ ಅಂಟಿಸಿ ಹುಬ್ಬಳ್ಳಿ, ಬೆಂಗಳೂರಿನಲ್ಲಿ ಮಾರುತ್ತಿದ್ದರು. ಅದರಲ್ಲಿ ಮೋಸ ಏನಿಲ್ಲ, ದುಡ್ಡೂ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಆದರೆ ದರ ಹೇಳುವವರು ಅವರೇ. ಒಂದು ವರ್ಷ ಮಿಡಿ ಬೆಲೆ ಏರಿದರೂ ಡ್ರಮ್ಮಿನ ದರ ಏರಲಿಲ್ಲ. ಉಳಿದ ಕಾಲು ಪಾಲು ನೆಂಟರಿಗೆ, ನೆಂಟರ ಆಫೀಸಿನವರಿಗೆ ಬಸ್ ಪಾರ್ಸೆಲ್‌ನಲ್ಲಿ ಹೋಗುತ್ತಿತ್ತು.

ಸಂಘಕ್ಕೆ ತಮ್ಮದೇ ಒಂದು ಹೆಸರು ಬೇಕಿತ್ತು. ಏಜೆನ್ಸಿಗೆ ಕೊಡುವಷ್ಟು ದುಡ್ಡು ಇರಲಿಲ್ಲ. ಬೆಂಗಳೂರಿನ ಏಜೆನ್ಸಿ ಕೆಲಸ ಬಿಟ್ಟು ಶಿರಸಿಯಲ್ಲೇ ಕೂತು ಕೆಲಸ ಮಾಡುವ ನನ್ನನ್ನು ಕೇಳಿದರು. ಸಂಘದ ಅಧ್ಯಕ್ಷೆ ನನಗೆ ದೂರದಲ್ಲಿ ಅತ್ತಿಗೆ ಆಗಬೇಕು. ಹಾಗಾಗಿ ಫೀಸಿನ ಮಾತು ಬರಲಿಲ್ಲ. "ಈಗ ಎಲ್ಲಾ ಎಐ ಮಾಡ್ತಡ ಅಲ್ದಾ ತಮಾ?" ಅಂತ ಶುರು ಮಾಡಿದರು. ಬ್ರ್ಯಾಂಡಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಟ್ರೇಡ್‌ಮಾರ್ಕ್ ಅರ್ಜಿ ಇನ್ನೂ ತೀರ್ಮಾನ ಆಗಿಲ್ಲ.

ಎಐ ಕೊಟ್ಟ ಬ್ರ್ಯಾಂಡ್

ಅತ್ತಿಗೆ ಹೇಳಿದ ಹಾಗೇ ಮೊದಲು ಚಾಟ್‌ಜಿಪಿಟಿ, ಜೆಮಿನಿ ಎರಡಕ್ಕೂ ಕನ್ನಡದಲ್ಲೇ ಪೂರ್ತಿ ವಿವರ ಬರೆದು ಕೊಟ್ಟೆವು. ಏನು ಮಾಡುತ್ತೇವೆ, ಎಲ್ಲಿ ಮಾಡುತ್ತೇವೆ, ಯಾರು ಕೊಳ್ಳುತ್ತಾರೆ, ಎಲ್ಲವನ್ನೂ. ಚಹಾ ಕುಡಿದು ಮುಗಿಸುವಷ್ಟರಲ್ಲಿ ಹತ್ತಾರು ಪುಟ ಬಂತು. ಧ್ಯೇಯ, ಗುರಿ, ಬಣ್ಣಗಳು, ಟ್ಯಾಗ್‌ಲೈನ್. "ಅಜ್ಜಿಯ ಕೈರುಚಿ", "ಮಲೆನಾಡಿನ ಪರಂಪರೆ", "ಪ್ರತಿ ತುತ್ತಿನಲ್ಲೂ ತವರಿನ ನೆನಪು". ಓದಲು ಚೆನ್ನಾಗಿಯೇ ಇತ್ತು. ಸಂಘದ ಹೆಂಗಸರಿಗೆ ಖುಷಿಯಾಯಿತು. ಇಬ್ಬರಂತೂ ಟ್ಯಾಗ್‌ಲೈನ್ ಆರಿಸಿಯೇ ಬಿಟ್ಟಿದ್ದರು.

ನಾನು ಇದನ್ನು ಅಲ್ಲಿಗೇ ಬಿಡಲಿಲ್ಲ. ಒಂದು ಗೂಗಲ್ ಶೀಟ್ ತೆರೆದು, ಆನ್‌ಲೈನಿನಲ್ಲಿ ಸಿಗುವ ಮಿಡಿ ಉಪ್ಪಿನಕಾಯಿಗಳ ಪಟ್ಟಿ ಮಾಡಿದೆವು. ಒಂದು ಸಾಲಿಗೆ ಒಂದು ಮಾಲು. ಬಾಟಲಿ ಗಾತ್ರ, ಬೆಲೆ, ಲೇಬಲ್ ಮೇಲಿನ ಮಾತು, ಕೊಂಡವರು ಬರೆದ ದೂರುಗಳು. ಕಾಲೇಜಿಗೆ ಹೋಗುವ ಅತ್ತಿಗೆಯ ಮಗಳು ಎರಡು ಸಂಜೆ ಕೂತು ಇದನ್ನು ತುಂಬಿದಳು. ಆಮೇಲೆ "ಲೇಬಲ್ ಮಾತು" ಅನ್ನುವ ಕಾಲಂ ಒಂದನ್ನೇ ಮೇಲಿನಿಂದ ಕೆಳಗೆ ಓದಿದರೆ ಸಾಕಾಯಿತು. ಸಾಂಪ್ರದಾಯಿಕ, ಮನೆಯಲ್ಲೇ ಮಾಡಿದ್ದು, ಅಜ್ಜಿಯ ರುಚಿ, ಶುದ್ಧ, ಮಲೆನಾಡು. ಮತ್ತೆ ಅಜ್ಜಿ. ಎಐ ನಮಗೆ ಕೊಟ್ಟಿದ್ದು ಎಲ್ಲರ ಬಾಟಲಿಯ ಮೇಲೂ ಆಗಲೇ ಇತ್ತು. ಇರಲೇಬೇಕು, ಅದು ಕಲಿತದ್ದೇ ಇಂಥ ಬರಹಗಳಿಂದ ಅಲ್ವಾ. ಹೆಸರು ಮುಚ್ಚಿದರೆ ಯಾರ ಉಪ್ಪಿನಕಾಯಿ ಅಂತ ಹೇಳಲು ಬರದ ಮಾತು ಬ್ರ್ಯಾಂಡಿಗೆ ಕೆಲಸಕ್ಕೆ ಬರುವುದಿಲ್ಲ.

ಗೂಗಲ್ ಟ್ರೆಂಡ್ಸ್ ಕೂಡ ನೋಡಿದೆವು. ಇಂಥ ಸಣ್ಣ ಮಾಲಿಗೆ ಅದರಿಂದ ಜಾಸ್ತಿ ಸಿಗುವುದಿಲ್ಲ. ಅದು ಎಷ್ಟು ಜನ ಹುಡುಕಿದರು ಅಂತ ಹೇಳುವುದಿಲ್ಲ, ಅತಿ ಹೆಚ್ಚು ಹುಡುಕಿದ ವಾರವನ್ನು 100 ಅಂತ ಹಿಡಿದು ಉಳಿದದ್ದನ್ನು ಅದಕ್ಕೆ ಹೋಲಿಸಿ ತೋರಿಸುತ್ತದೆ. ಹುಡುಕುವವರೇ ಕಡಿಮೆ ಇದ್ದಾಗ ಗೆರೆ ಸೊನ್ನೆಗೂ ನೂರಕ್ಕೂ ಜಿಗಿಯುತ್ತಿರುತ್ತದೆ. ಗೂಗಲ್ ಜಾಹೀರಾತಿನವರ ಕೀವರ್ಡ್ ಪ್ಲ್ಯಾನರ್ ಕೂಡ ಅಷ್ಟೇ. ಜಾಹೀರಾತಿಗೆ ದುಡ್ಡು ಹಾಕದವರಿಗೆ ಅದು ನೂರರಿಂದ ಸಾವಿರ ಅನ್ನುವಂಥ ಅಗಲವಾದ ಅಂದಾಜು ಕೊಡುತ್ತದೆ. ಜನ ಅಪ್ಪೆಮಿಡಿ, ಮಾವಿನಮಿಡಿ, ಮಿಡಿ ಉಪ್ಪಿನಕಾಯಿ ಅಂತ ಹೇಗೆಲ್ಲ ಟೈಪ್ ಮಾಡುತ್ತಾರೆ ಅನ್ನುವುದು ಮಾತ್ರ ಗೊತ್ತಾಯಿತು. ಅದನ್ನು ಮುಂದೆ ಕ್ಯಾಟಲಾಗ್ ಬರೆಯುವಾಗ ಬಳಸಿದೆವು.

ಅರಿಶಿನ ಹತ್ತಿದ ನೋಟ್‌ಬುಕ್

ದಾರಿ ಸಿಕ್ಕಿದ್ದು ಸಂಘದ ಆರ್ಡರ್ ಪುಸ್ತಕದಲ್ಲಿ. ಇನ್ನೂರು ಪುಟದ ಶಾಲೆ ನೋಟ್‌ಬುಕ್, ರಟ್ಟು ಕಿತ್ತಿದೆ, ಮೂಲೆಗಳಿಗೆಲ್ಲ ಅರಿಶಿನ. ನೆಂಟರು ಫೋನ್ ಮಾಡಿದಾಗ ಯಾರ ಕೈಗೆ ಸಿಕ್ಕಿತೋ ಅವರು ಬರೆದದ್ದು. "ಮೈಸೂರು, 2 ಡಬ್ಬಿ, ಜೀರಿಗೆ ಇದ್ದರೆ ಮಾತ್ರ." "ಹೋದ ವರ್ಷದ್ದೇ ಬೇಕಂತೆ." "ಕೆರೆ ದಂಡೆ ಮರದ್ದು ಕೊಡಿ ಅಂದರು, ಮುಗಿದಿದೆ ಅಂದೆ." "ಮಗಳು ಅಮೆರಿಕಕ್ಕೆ ಹೋಗ್ತಾಳೆ, ಗಟ್ಟಿ ಪ್ಯಾಕಿಂಗ್."

ಇದನ್ನು ಶೀಟಿಗೆ ಏರಿಸುವುದೇ ದೊಡ್ಡ ಕೆಲಸ. ಪುಟಗಳ ಫೋಟೋ ತೆಗೆದು ಗೂಗಲ್ ಲೆನ್ಸಿಗೆ ಕೊಟ್ಟೆವು. ಕೈಬರಹದ ಕನ್ನಡ ಅದಕ್ಕೆ ದಕ್ಕಲಿಲ್ಲ, ಅದರಲ್ಲೂ ಅವಸರದ ಬರಹ. ಕೊನೆಗೆ ಒಬ್ಬರು ಓದುವುದು, ಇನ್ನೊಬ್ಬರು ಫೋನಿನಲ್ಲಿ ಹೇಳಿ ಟೈಪ್ ಮಾಡಿಸುವುದು ಅಂತಾಯಿತು. ಗೂಗಲ್‌ನ ಕನ್ನಡ ವಾಯ್ಸ್ ಟೈಪಿಂಗ್ ಪರವಾಗಿಲ್ಲ. ಊರಿನ ಹೆಸರುಗಳನ್ನು ಕೆಡಿಸುತ್ತದೆ, ತಿದ್ದಿಕೊಳ್ಳಬೇಕು.

ಇದರ ಜೊತೆಗೆ ವಾಟ್ಸ್‌ಆ್ಯಪ್. ಅತ್ತಿಗೆಯ ಫೋನಿನಲ್ಲಿದ್ದ ಗಿರಾಕಿಗಳ ಚಾಟ್‌ಗಳನ್ನು ಎಕ್ಸ್‌ಪೋರ್ಟ್ ಮಾಡಿದರೆ ಬರೀ ಅಕ್ಷರದ ಫೈಲ್ ಸಿಗುತ್ತದೆ. ಹೆಸರು, ನಂಬರ್, ವಿಳಾಸ ಎಲ್ಲ ತೆಗೆದು ಹಾಕಿ, ಆಮೇಲಷ್ಟೇ ಎಐಗೆ ಕೊಟ್ಟೆವು. ಈ ಎಚ್ಚರ ಬೇಕೇ ಬೇಕು. ಗಿರಾಕಿ ಮಾತಾಡಿದ್ದು ಅತ್ತಿಗೆ ಹತ್ತಿರ, ಬೇರೆ ಕಂಪನಿಯ ಸರ್ವರ್ ಹತ್ತಿರ ಅಲ್ಲ. ಹೊಸ ಟ್ಯಾಗ್‌ಲೈನ್ ಕೇಳಲಿಲ್ಲ. "ಈ ಮಾತುಗಳನ್ನು ವಿಷಯದ ಪ್ರಕಾರ ಗುಂಪು ಮಾಡು, ಪ್ರತಿ ಗುಂಪಿಗೂ ಮೂಲ ಸಾಲುಗಳನ್ನು ಹಾಗೇ ತೋರಿಸು" ಅಂತಷ್ಟೇ ಕೇಳಿದೆವು.

ಈ ಕೆಲಸ ಅದು ಚೆನ್ನಾಗಿ ಮಾಡಿತು, ಎರಡು ಕಡೆ ಬಿಟ್ಟು. "ಹೋದ ಸಲದ್ದು ಖಾಲಿ ಆಯ್ತು" ಅಂದವರನ್ನೆಲ್ಲ ದೂರಿನ ಗುಂಪಿಗೆ ಸೇರಿಸಿತ್ತು. ಅವರು ದೂರುತ್ತಿರಲಿಲ್ಲ, ಇನ್ನೊಂದು ಡಬ್ಬಿ ಕಳಿಸಿ ಅಂತಿದ್ದರು. ಇನ್ನೊಂದು, ಜೀರಿಗೆ ಮಿಡಿ ಕೇಳಿದವರನ್ನು "ಜೀರಿಗೆ ಹಾಕಿದ ಮಸಾಲೆ" ಅನ್ನುವ ಗುಂಪಿಗೆ ಹಾಕಿತ್ತು. ಸೊನೆಗೇ ಜೀರಿಗೆ ಘಮ ಇರುವ ಮರಗಳಿವೆ, ಅದರ ಮಿಡಿಗೆ ಒಂದು ಕಾಳು ಜೀರಿಗೆಯೂ ಹಾಕುವುದಿಲ್ಲ ಅಂತ ಈ ಕಡೆಯ ಮಕ್ಕಳಿಗೂ ಗೊತ್ತು. ಮೂಲ ಸಾಲು ತೋರಿಸು ಅಂತ ಕೇಳಿದ್ದರಿಂದ ಇದು ಕಣ್ಣಿಗೆ ಬಿತ್ತು. ಬರೀ ಗುಂಪಿನ ಹೆಸರು, ಎಣಿಕೆ ಮಾತ್ರ ಬಂದಿದ್ದರೆ ನಾವು ಜೀರಿಗೆ ಹಾಕಿದ ಉಪ್ಪಿನಕಾಯಿ ಮಾಡಲು ಹೊರಡಬೇಕಿತ್ತು!

ಪುಸ್ತಕ, ಚಾಟ್ ಎರಡೂ ಒಂದೇ ಶೀಟಿಗೆ ಬಂದ ಮೇಲೆ ಪಿವಟ್ ಟೇಬಲ್ (ಸಾಲುಗಳನ್ನು ಗುಂಪು ಮಾಡಿ ಎಣಿಸಿ ತೋರಿಸುವ ಪಟ್ಟಿ) ಹಾಕಿದೆ. ಮತ್ತೆ ಮತ್ತೆ ಕೊಳ್ಳುವವರು ಏನು ಕೇಳುತ್ತಾರೆ, ಒಂದೇ ಸಲ ಕೊಂಡು ಬಿಟ್ಟವರು ಏನು ಕೇಳಿದ್ದರು ಅಂತ ಬೇರೆ ಮಾಡಿದೆ. ಒಮ್ಮೆ ಕೊಂಡವರಲ್ಲಿ ಬಹಳ ಜನ ಬೆಲೆ ಕೇಳಿದ್ದರು, ಪಾರ್ಸೆಲ್ ಖರ್ಚು ಕೇಳಿದ್ದರು. ಮತ್ತೆ ಬಂದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಯಾವ ಮರದ್ದು, ಯಾವ ವರ್ಷದ್ದು ಅಂತ ಕೇಳಿದ್ದರು. ಅಜ್ಜಿಯ ವಿಚಾರ ಒಬ್ಬರೂ ಎತ್ತಿರಲಿಲ್ಲ.

ಸಂಘದವರಿಗೆ ಇದು ಹೊಸ ವಿಷಯ ಅಂತ ಅನ್ನಿಸಲೇ ಇಲ್ಲ. "ಅದು ಹಾಂಗೇಯಲ, ಮರ ನೋಡದ್ದೆ ಯಾರು ಮಿಡಿ ತಗತ್ವ?" ಅಂದರು ಅತ್ತಿಗೆ. ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ ಅಂತ ಮರಗಳಿಗೇ ಹೆಸರು ಬಿದ್ದಿರುವ ಸೀಮೆ ಇದು. ಮನೆಯೊಳಗೆ ಎಲ್ಲರಿಗೂ ಗೊತ್ತಿದ್ದದ್ದು ಬಾಟಲಿ ಮೇಲೆ ಮಾತ್ರ ಯಾರೂ ಬರೆದಿರಲಿಲ್ಲ.

ಬ್ಯಾಚ್ ನಂಬರೇ ಬ್ರ್ಯಾಂಡ್

ತೀರ್ಮಾನ ಹೀಗಾಯಿತು. ಸಂಘದ ಲೇಬಲ್ ಹಾಕಿದ ಪ್ರತಿ ಬಾಟಲಿಯೂ ಒಂದೇ ಮರದ, ಒಂದೇ ವರ್ಷದ ಮಿಡಿಯದ್ದು. ಎರಡು ಮರದ್ದು ಬೆರೆತರೆ ಅದು ಡ್ರಮ್ಮಿಗೆ, ವ್ಯಾಪಾರಿಗೆ. ಲೇಬಲ್‌ನಲ್ಲಿ ದೊಡ್ಡ ಅಕ್ಷರದಲ್ಲಿ ಮರದ ಗುರುತು ಮತ್ತು ವರ್ಷ. ಆಹಾರ ಪೊಟ್ಟಣದ ಮೇಲೆ ಬ್ಯಾಚ್ ನಂಬರ್ ಹಾಕಬೇಕು ಅಂತ ಕಾನೂನು ಹೇಗೂ ಹೇಳುತ್ತದೆ. ಎಲ್ಲರೂ ಅದನ್ನು ಮುಚ್ಚಳದ ಅಂಚಿಗೆ ಕಾಣದ ಹಾಗೆ ಒತ್ತುತ್ತಾರೆ. ಇವರು ಅದನ್ನೇ ಮುಂದೆ ತಂದರು.

ಇದರಿಂದ ಕೆಲಸದ ರೀತಿಯೇ ಬದಲಾಗಬೇಕಾಯಿತು. ಬರೀ ಲೇಬಲ್ ಚೆಂದ ಮಾಡಿಸುವವರು ನೋಡದ ಭಾಗ ಇದು. ಭರಣಿಗಳನ್ನು ಮರದ ಪ್ರಕಾರ ಬೇರೆ ಇಡಬೇಕು. ಪ್ರತಿಯೊಂದಕ್ಕೂ ಚೀಟಿ ಬೇಕು. ಮಿಡಿಯಿಂದ ಬಿಟ್ಟ ಉಪ್ಪುನೀರನ್ನೇ ಕುದಿಸಿ ಆರಿಸಿ ಖಾರ ಅರೆಯಲು ಬಳಸುತ್ತಾರಲ್ಲ, ಅದನ್ನೂ ಬೆರೆಸುವಂತಿಲ್ಲ, ಏಕೆಂದರೆ ಘಮ ಇರುವುದು ಅದರಲ್ಲೇ.

ಅದಕ್ಕಿಂತ ಮುಖ್ಯ, ಅದೇ ಮರ ಮುಂದಿನ ವರ್ಷವೂ ಬೇಕು. ಮಿಡಿ ಕೊಯ್ಯುವ ಗುತ್ತಿಗೆಯವರು ಅವಸರಕ್ಕೆ ಕೊಂಬೆಯನ್ನೇ ಕಡಿದು ಕೆಳಗೆ ಹಾಕುವುದು ಈ ಕಡೆಯ ಹಳೆಯ ರೋಗ. ಬಿದ್ದ ಮಿಡಿಗೆ ಪೆಟ್ಟಾಗುತ್ತದೆ, ತೊಟ್ಟು ಮುರಿದು ಸೊನೆ ಹೋಗುತ್ತದೆ, ಅಂಥದ್ದು ಬಾಳಿಕೆ ಬರುವುದಿಲ್ಲ. ಮರವೂ ಸೊರಗುತ್ತದೆ. ಹಾಗಾಗಿ ಸೊಪ್ಪಿನ ಬೆಟ್ಟದಲ್ಲಿ (ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡು ಜಾಗ) ಮರ ಇರುವವರ ಜೊತೆ ಸಂಘ ನೇರವಾಗಿ ಮಾತಾಡಿತು. ಕೊಂಬೆ ಕಡಿಯುವಂತಿಲ್ಲ, ಮಿಡಿಯನ್ನು ತೊಟ್ಟು ಸಮೇತ ಕೊಯ್ದು ಬುಟ್ಟಿಯಲ್ಲಿ ಇಳಿಸಬೇಕು, ಅದಕ್ಕೆ ದರ ಜಾಸ್ತಿ. ಮಾವು ಒಂದು ವರ್ಷ ಕಾಯಿ ಬಿಟ್ಟರೆ ಇನ್ನೊಂದು ವರ್ಷ ಬಿಡದೆಯೂ ಇರಬಹುದು. ಆ ವರ್ಷ ಆ ಮರದ ಬಾಟಲಿ ಇಲ್ಲ, ಅಷ್ಟೇ. ಅದನ್ನು ಗಿರಾಕಿಗೆ ಹಾಗೇ ಹೇಳುವುದು ಅಂತ ಗೊತ್ತು ಮಾಡಿದರು.

ಮರಗಳ ಲೆಕ್ಕಕ್ಕೆ ಬೇರೆ ಸಾಫ್ಟ್‌ವೇರ್ ಕೊಳ್ಳಲಿಲ್ಲ. ಗೂಗಲ್ ಶೀಟಿನಲ್ಲೇ ಒಂದು ಪುಟ. ಮರದ ನಂಬರ್, ತಳಿ, ಯಾರ ಬೆಟ್ಟ, ಕೊಯ್ದ ದಿನ, ಎಷ್ಟು ಮಿಡಿ, ಯಾವ ಭರಣಿ. ಕೊಯ್ಲಿನ ದಿನ ಬೆಟ್ಟದಲ್ಲಿ ನಿಂತು ತುಂಬಲು ಒಂದು ಗೂಗಲ್ ಫಾರ್ಮ್ ಮಾಡಿಕೊಟ್ಟೆ. ಸಿಗ್ನಲ್ ಇರದ ಕಡೆ ಅದು ನಡೆಯುವುದಿಲ್ಲ, ಚೀಟಿಯಲ್ಲಿ ಬರೆದುಕೊಂಡು ಮನೆಗೆ ಬಂದು ತುಂಬುತ್ತಾರೆ.

ಹೆಸರು, ಲೇಬಲ್, ಪ್ರೆಸ್ಸು

ಹೆಸರಿಗೆ ಎಐ ಸಲಹೆ ಬೇಕಾದಷ್ಟು ಬಂತು. ಅದರಲ್ಲಿ "ಶಿರಸಿ" ಅಥವಾ "ಮಲೆನಾಡು" ಸೇರಿದವೇ ಜಾಸ್ತಿ. ಬರೀ ಊರಿನ ಹೆಸರು, ಬರೀ ಮಾಲಿನ ವರ್ಣನೆ ಇದ್ದರೆ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ ಅಡ್ಡ ಬರುತ್ತದೆ. ಅಪ್ಪೆಮಿಡಿಗೆ ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಇದೆ. ಶಿರಸಿ ಸುಪಾರಿಗೆ 2019ರಲ್ಲಿ ಬಂತಲ್ಲ, ಅದೇ ಬಗೆಯ ನೋಂದಣಿ. ಅದು ಒಬ್ಬರ ಸ್ವತ್ತಲ್ಲ. ಆ ಗುರುತನ್ನು ಅಧಿಕೃತವಾಗಿ ಹಾಕಿಕೊಳ್ಳಬೇಕಾದರೆ ಅಧಿಕೃತ ಬಳಕೆದಾರರಾಗಿ ಬೇರೆಯೇ ನೋಂದಣಿ ಆಗಬೇಕು. ಸಂಘ ಅದನ್ನೂ ಮಾಡಿಸುವ ಯೋಚನೆಯಲ್ಲಿದೆ, ಆದರೆ ಅದು ಬ್ರ್ಯಾಂಡ್ ಹೆಸರಿನ ಜಾಗ ತುಂಬುವುದಿಲ್ಲ.

ಟ್ರೇಡ್‌ಮಾರ್ಕ್ ಇಲಾಖೆಯ ಜಾಲತಾಣದಲ್ಲಿ ಸಾರ್ವಜನಿಕ ಹುಡುಕಾಟ ಪುಕ್ಕಟೆ. ಅಕ್ಷರ ಬೇರೆ ಇದ್ದರೂ ಉಚ್ಚಾರ ಹತ್ತಿರ ಇರುವ ಹೆಸರುಗಳನ್ನೂ ಅದರಲ್ಲಿ ಹುಡುಕಬಹುದು. ಅಲ್ಲಿ ಮಾಲುಗಳನ್ನು ವರ್ಗಗಳಾಗಿ ಹಂಚಿರುತ್ತಾರೆ, ಉಪ್ಪಿನಕಾಯಿಗೆ 29ನೇ ವರ್ಗ. ಎಐ "ಈ ಹೆಸರು ಯಾರದೂ ಅಲ್ಲ" ಅಂತ ಧೈರ್ಯವಾಗಿ ಹೇಳಿದ ಒಂದು ಹೆಸರು ಇಲ್ಲಿ ಹುಡುಕಿದಾಗ ಬೇರೆಯವರದಾಗಿತ್ತು. ಇದನ್ನು ಎಐ ಹತ್ತಿರ ಕೇಳಲೇ ಬಾರದು. ವ್ಯಕ್ತಿಗಳು, ಸಣ್ಣ ಉದ್ಯಮಗಳು ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ ಶುಲ್ಕ 4,500 ರೂಪಾಯಿ. ನೋಂದಣಿ ಆದರೆ 10 ವರ್ಷ ಬಾಳುತ್ತದೆ. ಹೆಸರು ಕೊನೆಗೆ ಸಂಘದ ಹಿರಿಯರೊಬ್ಬರ ಬಾಯಿಂದಲೇ ಬಂತು.

ಲೇಬಲ್ ಮಾಡಿದ್ದು ಕ್ಯಾನ್ವಾದಲ್ಲಿ. ಚಿತ್ರಕ್ಕೆ ಎಐ ಬಳಸೋಣ ಅಂತ ಅತ್ತಿಗೆಯ ಮಗಳ ಆಸೆ. ಮಾವಿನ ಉಪ್ಪಿನಕಾಯಿ ಅಂದರೆ ಅದಕ್ಕೆ ಎಣ್ಣೆಯಲ್ಲಿ ತೇಲುವ ದೊಡ್ಡ ಹೋಳುಗಳೇ. ಹೆಬ್ಬೆರಳಿನಷ್ಟು ಇಡೀ ಮಿಡಿ, ತೊಟ್ಟು ಸಮೇತ, ಒಂದು ಹನಿ ಎಣ್ಣೆ ಇಲ್ಲದ್ದು, ಎಷ್ಟು ಬಗೆಯಲ್ಲಿ ಹೇಳಿದರೂ ಬರಲಿಲ್ಲ. ಬೇಡ ಅಂತ ಬಿಟ್ಟು, ಅಂಗಳದ ಬೆಳಕಿನಲ್ಲಿ ಫೋನಿನಿಂದಲೇ ತೆಗೆದೆವು.

ಅಕ್ಷರದ ಕೆಲಸ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ಕನ್ನಡದಲ್ಲಿ ಲೇಬಲ್ ಮಾಡಿಸುವ ಎಲ್ಲರಿಗೂ ಇದು ಎದುರಾಗುತ್ತದೆ. ಬಾಲೂ ತಮ್ಮ, ಅನೇಕ್ ಕನ್ನಡ, ನೋಟೋ ಸ್ಯಾನ್ಸ್ ಕನ್ನಡ, ಇವೆಲ್ಲ ಪುಕ್ಕಟೆ ಸಿಗುವ ಯುನಿಕೋಡ್ ಫಾಂಟ್‌ಗಳು. ಪರದೆ ಮೇಲೆ ಚೆನ್ನಾಗಿಯೇ ಕಾಣುತ್ತವೆ. ಆದರೆ ಸಾಲುಗಳ ನಡುವಿನ ಜಾಗವನ್ನು ಇಂಗ್ಲಿಷಿನ ಅಳತೆಗೆ ಬಿಗಿ ಮಾಡಿದರೆ "ಪ್ಪೆ"ಯ ಕೆಳಗಿನ ಒತ್ತು ಮುಂದಿನ ಸಾಲಿಗೆ ತಾಗುತ್ತದೆ. ಸಾಲಿನ ಅಂತರ ಬಿಟ್ಟು, ಅಕ್ಷರ ಒಂದು ಗಾತ್ರ ಇಳಿಸಿದೆವು. ಆಮೇಲೆ ಪ್ರೆಸ್ಸು. ಅಲ್ಲಿ ಕೋರೆಲ್‌ಡ್ರಾದಲ್ಲಿ ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್ ಬಳಸುತ್ತಿದ್ದರು. ನಮ್ಮ ಯುನಿಕೋಡ್ ಬರಹವನ್ನು ಅದಕ್ಕೆ ಅಂಟಿಸಿದರೆ ಅಕ್ಷರ ಚೆಲ್ಲಾಪಿಲ್ಲಿ. "ನಾವೇ ಮತ್ತೆ ಟೈಪ್ ಮಾಡ್ತೇವೆ ಬಿಡಿ" ಅಂದರು. ಅದು ಬೇಡ. ಮತ್ತೆ ಟೈಪ್ ಮಾಡಿದರೆ ತಪ್ಪು ನುಸುಳುವ ಜಾಗ ಅದೇ. ಅಕ್ಷರಗಳನ್ನೆಲ್ಲ ಚಿತ್ರರೂಪಕ್ಕೆ ತಿರುಗಿಸಿದ ಪಿಡಿಎಫ್ ಕೊಟ್ಟ ಮೇಲೆ ಸರಿಯಾಯಿತು.

ಲೇಬಲ್ ಮೇಲೆ ಬರಲೇಬೇಕಾದ್ದು ತುಂಬಾ ಇದೆ. ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಕೊಡುವ 14 ಅಂಕಿಯ ನಂಬರ್, ಸಸ್ಯಾಹಾರದ ಹಸಿರು ಗುರುತು, ಪದಾರ್ಥಗಳು, ನಿವ್ವಳ ತೂಕ, ಎಂಆರ್‌ಪಿ, ಒಂದು ಗ್ರಾಂಗೆ ಎಷ್ಟು ಬೆಲೆ ಅನ್ನುವುದು, ತಯಾರಿಸಿದ ದಿನ, ವಿಳಾಸ. ಇಷ್ಟೆಲ್ಲ ಹಿಂಬದಿಗೆ ಹೋಯಿತು. ಮುಂಬದಿಯಲ್ಲಿ ಹೆಸರು, ಮರ, ವರ್ಷ ಮಾತ್ರ.

ಮರದ ಫೋಟೋ ತೋರಿಸಲು ಒಂದು ಕ್ಯೂಆರ್ ಕೋಡ್ ಹಾಕಿದೆವು. ಇಲ್ಲೊಂದು ಅಪಾಯ ಇದೆ, ಗೊತ್ತಿರಲಿ. ಪುಕ್ಕಟೆ ಕ್ಯೂಆರ್ ಕೊಡುವ ಹಲವು ಜಾಲತಾಣಗಳ ಕೋಡ್ ಮೊದಲು ಅವರ ವಿಳಾಸಕ್ಕೆ ಹೋಗಿ ಅಲ್ಲಿಂದ ನಮ್ಮ ಪುಟಕ್ಕೆ ಬರುತ್ತದೆ. ಟ್ರಯಲ್ ಮುಗಿದರೆ ದುಡ್ಡು ಕೊಡುವವರೆಗೆ ಅದು ಬಂದ್. ಉಪ್ಪಿನಕಾಯಿ ಬಾಟಲಿ ವರ್ಷಗಟ್ಟಲೆ ಕಪಾಟಿನಲ್ಲಿ ಇರುವಂಥದ್ದು. ಅದಕ್ಕೇ ನಮ್ಮದೇ ಪುಟದ ವಿಳಾಸವನ್ನು ನೇರವಾಗಿ ಒಳಗೆ ಬರೆದ, ಬದಲಾಗದ ಕೋಡ್ ಮಾಡಿದೆವು.

ಮಾರಾಟಕ್ಕೆ ಬಂದಾಗ

ಮಾರಲು ಬಳಸಿದ್ದು ವಾಟ್ಸ್‌ಆ್ಯಪ್ ಬಿಸಿನೆಸ್ ಒಂದೇ. ಕ್ಯಾಟಲಾಗಿನಲ್ಲಿ ಒಂದೊಂದು ಮರಕ್ಕೆ ಒಂದೊಂದು ಫೋಟೋ. ಚಾಟ್‌ಗಳಿಗೆ "ಜೀರಿಗೆ", "ಹಳೆಯ ವರ್ಷ", "ಉಡುಗೊರೆ" ಅಂತ ಲೇಬಲ್. ಒಂದೇ ಸಂದೇಶವನ್ನು ಹಲವರಿಗೆ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ ಇದೆ. ಅದಕ್ಕಿಂತ ದೊಡ್ಡ ಮಿತಿ ಏನೆಂದರೆ, ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಹಾಗಾಗಿ ಪ್ರತಿ ಪಾರ್ಸೆಲ್ ಒಳಗೆ ಒಂದು ಚೀಟಿ. "ನಂಬರ್ ಸೇವ್ ಮಾಡಿಕೊಳ್ಳಿ, ನಿಮ್ಮ ಮರದ ಮಿಡಿ ಕೊಯ್ದ ದಿನ ತಿಳಿಸುತ್ತೇವೆ." ಇನ್‌ಸ್ಟಾಗ್ರಾಮಿನಲ್ಲಿ ದುಡ್ಡು ಕೊಟ್ಟು ಒಂದು ಜಾಹೀರಾತು ಓಡಿಸಿದೆವು. ಲೈಕ್ ಬಂತು, ಆರ್ಡರ್ ಅಷ್ಟಕ್ಕಷ್ಟೆ. ನಿಲ್ಲಿಸಿದೆವು.

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆ ಹೊತ್ತಿಗೆ ಹೊರಗಿನಿಂದ ಬಂದವರು ನೇರವಾಗಿ ಮನೆಗೇ ಬರುತ್ತಾರೆ ಅಂತ ಗೂಗಲ್ ಮ್ಯಾಪ್‌ನಲ್ಲಿ ಸಂಘದ ಜಾಗ ಹಾಕಿದ್ದೇವೆ. ಉಪಯೋಗ ಆಗಿದೆ. ರಾತ್ರಿ ಒಂಬತ್ತಕ್ಕೂ ಬಾಗಿಲು ತಟ್ಟುತ್ತಾರೆ ಅಂತ ಅತ್ತಿಗೆ ಗೊಣಗುತ್ತಾರೆ. ವೇಳೆ ಹಾಕಿದ್ದರೂ ಓದುವವರು ಯಾರು?

ಒಂದು ಹಂಗಾಮು ಪೂರ್ತಿ ಹೀಗೆ ನಡೆದ ಮೇಲೆ ಲೆಕ್ಕ ಹೀಗಿದೆ. ಒಂದು ಮರದ ಬಾಟಲಿಗಳು ಡ್ರಮ್ಮಿನ ದರಕ್ಕಿಂತ ಸಾಕಷ್ಟು ಜಾಸ್ತಿಗೆ ಹೋಗಿವೆ. ಗಾಜಿನ ಬಾಟಲಿ, ಪ್ಯಾಕಿಂಗ್, ದಾರಿಯಲ್ಲಿ ಒಡೆದದ್ದು, ಎಲ್ಲ ಕಳೆದರೂ ಉಳಿದಿದೆ. ಆದರೆ ಸಂಘದ ಒಟ್ಟು ಮಾಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಈಗಲೂ ವ್ಯಾಪಾರಿಗೇ ಹೋಗುತ್ತದೆ. ಅವರು ಮೊದಲು ಮುಖ ಸಣ್ಣ ಮಾಡಿಕೊಂಡರು, ಆಮೇಲೆ ಬೆರಕೆ ಮಾಲು ಸಾಕು ಅಂತ ಒಪ್ಪಿದರು. ನನಗೆ ಇದು ಸರಿಯಾಗಿಯೇ ಕಾಣುತ್ತದೆ. ಒಂದೇ ಮರದ ಮಿಡಿ ಅಂತ ಹೇಳಿ ಮಾರುವವರಿಗೆ ಬೆರಕೆ ಮಾಲು ಕೊಳ್ಳುವವರೂ ಬೇಕು. ಇಲ್ಲದಿದ್ದರೆ ಹಂಗಾಮಿನ ಕೊನೆಗೆ ಉಳಿದದ್ದನ್ನೆಲ್ಲ ಬಾಟಲಿಗೆ ತುಂಬಿಬಿಡುವ ಆಸೆ ಹುಟ್ಟುತ್ತದೆ.

ಈಗ ಹೊಸ ಚರ್ಚೆ ಎದ್ದಿದೆ. ಸಂಘದಲ್ಲಿ ಮೂವರಿಗೆ ಇದೇ ಹೆಸರಿನಲ್ಲಿ ಹೋಳು ಉಪ್ಪಿನಕಾಯಿ, ಅಪ್ಪೆಹುಳಿ ಗೊಜ್ಜು ಎಲ್ಲ ಮಾಡಿ ವರ್ಷವಿಡೀ ಮಾರುವ ಮನಸ್ಸು. ಹೆಸರು ಗೊತ್ತಾಗಿದೆ, ಬಳಸಿಕೊಳ್ಳೋಣ ಅನ್ನುವುದು ಅವರ ವಾದ. ಆದಾಯ ಹನ್ನೆರಡು ತಿಂಗಳೂ ಬರುತ್ತದೆ ಅನ್ನುವುದು ನಿಜ. ಎಐ ಕೇಳಿದರೆ "ಉತ್ಪನ್ನಗಳ ಸಾಲು ವಿಸ್ತರಿಸಿ" ಅಂತ ಅವರ ಪರವಾಗಿ ಹೇಳಿತು. ಪ್ರಶ್ನೆ ತಿರುಗಿಸಿ ಕೇಳಿದಾಗ ನನ್ನ ಪರವಾಗಿಯೂ ಅಷ್ಟೇ ಚೆನ್ನಾಗಿ ಹೇಳಿತು. ಹಾಗಾಗಿ ಅದನ್ನು ಬದಿಗಿಟ್ಟಿದ್ದೇವೆ. ಮರ ಹೇಳಲು ಬರದ ಮಾಲಿಗೆ ಬೇರೆ ಹೆಸರಿಡಿ ಅನ್ನುವುದು ನನ್ನ ಮಾತು. ಅತ್ತಿಗೆ ಇನ್ನೂ ಯಾವ ಕಡೆಗೂ ಹೇಳಿಲ್ಲ, ಅಡಿಕೆ ಕೊಯ್ಲು ಮುಗಿಯಲಿ, ಕೂತು ಮಾತಾಡೋಣ ಅಂದಿದ್ದಾರೆ.